ತವರಿನವಳಿಗೆ ಕೆಲಸ ಹೇಳುವಂತಿಲ್ಲ

ಅಡುಗೆಯವಳೆಂದು ಸೇರಿಕೊಂಡ ಮನೆಯಲ್ಲಿ ಪುಷ್ಪಾವತಿಗೆ ಒಲೆ ಹಚ್ಚುವ ಭಾಗ್ಯ ಒಂದನ್ನು ಬಿಟ್ಟು ಮಿಕ್ಕೆಲ್ಲ ಭಾಗ್ಯವೂ ಸಿಕ್ಕಿತ್ತು. ಕೂರಲು ಕುರ್ಚಿ, ಕೈಗೆ ಕಾಫಿ ಲೋಟ, ತಟ್ಟೆಗೆ ಬಿಸಿ ಅಕ್ಕಿರೊಟ್ಟಿ, ಮುಡಿಗೆ ಕನಕಾಂಬರ. ಹಾಸನದ ಆ ದೊಡ್ಡ ಮನೆಯ ಅಡುಗೆಕೋಣೆಯಲ್ಲಿ ಅವಳು ನೀಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದರೆ, ಮನೆಯ ಯಜಮಾನಿ ಜಯಲಕ್ಷ್ಮಮ್ಮ, ಆಪರೇಷನ್ ಆದ ಮಂಡಿಯನ್ನು ಎಳೆದುಕೊಂಡು, ಒಂದು ಕೈಯಲ್ಲಿ ವಾಕರ್ ಹಿಡಿದು ಇನ್ನೊಂದು ಕೈಯಲ್ಲಿ ಅವಳಿಗೆಂದೇ ಮತ್ತೊಂದು ರೊಟ್ಟಿ ಮಗುಚುತ್ತಿದ್ದರು. ಇಂಥ ರೊಟ್ಟಿ ಯಾರ ಗಂಟಲಲ್ಲಿ ಇಳಿಯುತ್ತದೆ?

"ಅಮ್ಮಾ, ನಾನ್ ಮಾಡ್ತೀನಿ ಕೊಡಿ," ಎಂದು ಅವಳು ಎದ್ದರೆ ಸಾಕು, ಮಗುಚುವ ಸಟ್ಟುಗ ಅವಳ ಕಡೆ ತಿರುಗುತ್ತಿತ್ತು.

"ಕೂತ್ಕ. ಎದ್ರೆ ನನ್ನಾಣೆ."

ಹೊಸ ಕೆಲಸಕ್ಕೆ ಬರುವಾಗ ಪುಷ್ಪಾವತಿ ಎಲ್ಲದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಿದ್ದಳು. ಯಜಮಾನಿ ಬೈಯಬಹುದು, ತಂಗಳು ಹಾಕಬಹುದು, ತುಪ್ಪದ ಡಬ್ಬಿಗೆ ಬೀಗ ಜಡಿಯಬಹುದು, ಮಾಡಿದ ಸಾರನ್ನು ಮೂಸಿ ನೋಡಿ ಮೂಗು ಮುರಿಯಬಹುದು. ಯಾವುದಕ್ಕೆ ಬಾಯಿ ಬಿಡಬೇಕು, ಯಾವುದಕ್ಕೆ ಕಿವುಡಿಯಂತೆ ಇರಬೇಕು ಎಂದು ಬಸ್ಸಿನಲ್ಲೇ ತೀರ್ಮಾನ ಮಾಡಿಟ್ಟಿದ್ದಳು. ಕೂರಿಸಿ ಉಪಚಾರ ಮಾಡುವ ಯಜಮಾನಿಯನ್ನು ಹೇಗೆ ತಡೆದುಕೊಳ್ಳಬೇಕೆಂದು ಮಾತ್ರ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಅವಳ ಊರು ಅರಕಲಗೂಡು ತಾಲ್ಲೂಕಿನ ಕೊಣನೂರು. ಗಂಡ ಮಹೇಶ ಟೆಂಪೋ ಓಡಿಸುವವನು. ಓಡಿಸುತ್ತ ಓಡಿಸುತ್ತ ಚನ್ನರಾಯಪಟ್ಟಣಕ್ಕೆ ಹೋದವನು ಅಲ್ಲೇ ಇನ್ನೊಬ್ಬಳ ಜೊತೆ ಮನೆ ಮಾಡಿಕೊಂಡ. ಅವನು ಬದುಕಿದ್ದಾನೆ ಎನ್ನುವುದಕ್ಕೆ ಪುಷ್ಪಾವತಿಯ ಹಣೆಯ ಕುಂಕುಮವೊಂದೇ ಸಾಕ್ಷಿ. ಅದನ್ನೂ ಅವಳು ಅಭ್ಯಾಸಬಲದಿಂದ ಇಟ್ಟುಕೊಳ್ಳುತ್ತಿದ್ದಳೇ ಹೊರತು ಅವನ ಮೇಲಿನ ಪ್ರೀತಿಯಿಂದಲ್ಲ. ಆಮೇಲೆ ತಮ್ಮ ರವೀಶನ ಮನೆ ಸೇರಿದಳು. ತಮ್ಮನ ಹೆಂಡತಿ ಕೋಮಲಾ ಕೆಟ್ಟವಳೇನಲ್ಲ, ಆದರೆ ಒಂದು ಒಲೆಯ ಮುಂದೆ ಇಬ್ಬರು ಹೆಂಗಸರು ನಿಲ್ಲುವುದು ಅವಳಿಗೆ ಆಗದು. ಹೊಸದಾಗಿ ಗ್ರಾನೈಟ್ ಹಾಕಿಸಿದ ಅಡುಗೆಮನೆ ಅವಳದಾಯಿತು, ಹಿತ್ತಿಲಿನ ಸೌದೆ ಒಲೆ ಗಂಡನ ಅಕ್ಕನದಾಯಿತು. ಪುಷ್ಪಾವತಿ ಅದಕ್ಕೂ ಒಗ್ಗಿಕೊಂಡಳು. ಕಡೆಗೆ ಬೈಕು ನಿಲ್ಲಿಸಲು ಜಾಗ ಸಾಲದೆಂದು ಒಂದು ದಿನ ಆ ಒಲೆಯನ್ನೂ ಕಿತ್ತು ಸಿಮೆಂಟು ಬಳಿಸಿದರು. ಸಂತೆಯಿಂದ ಸೊಪ್ಪು ತಂದವಳು ಹಿತ್ತಿಲ ಬಾಗಿಲಲ್ಲೇ ನಿಂತುಬಿಟ್ಟಳು.

"ಇನ್ ಮೇಲೆ ಈ ಮನೇಲಿ ಒಂದ್ ಲೋಟ ನೀರು ಕಾಯ್ಸಾಕೂ ನಾನು ಕಾಲಿಡಾಕಿಲ್ಲ," ಎಂದು ಬೀದಿಗೆಲ್ಲ ಕೇಳುವಂತೆ ಹೇಳಿ ಹೊರಟಳು. ಹೇಳುವಾಗ ಚೆನ್ನಾಗಿಯೇ ಇತ್ತು. ರವೀಶ ತಲೆ ಕೆರೆದುಕೊಂಡ. ಕೋಮಲಾ ಬಾಗಿಲ ತನಕ ಬಂದು, "ಓಗ್ಲಿ ಬಿಡಿ, ನಾಕ್ ದಿನ ಆದ್ಮೇಲೆ ಬತ್ತಾರೆ," ಎಂದಳು. ಆ ಮಾತು ಬಸ್ಸು ಹತ್ತಿದ ಮೇಲೂ ಪುಷ್ಪಾವತಿಯ ಬೆನ್ನಿಗೆ ಚುಚ್ಚುತ್ತಲೇ ಇತ್ತು. ಈ ಹಾಸನದ ಕೆಲಸ ಕೈತಪ್ಪಿದರೆ ಅವಳು ಮತ್ತೆ ಅದೇ ಬಾಗಿಲಿಗೆ ಹೋಗಿ ನಿಲ್ಲಬೇಕು, ಕೋಮಲಾ ಅದೇ ನಗು ನಕ್ಕು ಒಳಗೆ ಕರೆಯಬೇಕು. ಅದಕ್ಕಿಂತ ಹೇಮಾವತಿ ಹೊಳೆ ವಾಸಿ ಎನ್ನಿಸುತ್ತಿತ್ತು.

ಕೆಲಸ ಗೊತ್ತು ಮಾಡಿಕೊಟ್ಟಿದ್ದು ಅವಳ ಹಳೆಯ ಪರಿಚಯದ, ಹಾಸನದ ಆ ಮನೆಯ ಎದುರು ಮನೆಯಲ್ಲಿ ಪಾತ್ರೆ ತೊಳೆಯುವ ಲಕ್ಕಮ್ಮ. ಮಾತಾಡಿಸಿ ಸೇರಿಸಿಕೊಂಡವಳು ಮನೆಯ ಸೊಸೆ ಧನ್ಯಾ. ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ಮನೆಯಲ್ಲೂ ಪಾಠದ ಧಾಟಿಯಲ್ಲೇ ಮಾತಾಡುತ್ತಿದ್ದಳು.

"ನೋಡಿ, ಇಲ್ಲೇ ಇರಬೇಕು, ಹಿಂದಿನ ರೂಮು ನಿಮಗೆ. ಅಡುಗೆ ಹೆಂಗಿದ್ರೂ ಪರವಾಗಿಲ್ಲ. ನಮ್ಮತ್ತೆಗೆ ಮಂಡಿ ಆಪರೇಷನ್ ಆಗಿದೆ. ನಿಂತ್ಕೊಂಡ್ರೆ ಮತ್ತೆ ಕೆಡುತ್ತೆ ಅಂತ ಡಾಕ್ಟ್ರು ಹೇಳಿದಾರೆ. ಅವರು ಅಡುಗೆಮನೆಗೆ ಬರಬಾರದು, ಅಷ್ಟೇ. ಅವರನ್ನ ಕೂರಿಸೋದೇ ನಿಮ್ಮ ಕೆಲಸ."

"ಅದೇನ್ ಮಹಾ ಬುಡಿ," ಎಂದಿದ್ದಳು ಪುಷ್ಪಾವತಿ. ಆ ಮಾತನ್ನು ನೆನೆಸಿಕೊಂಡಾಗಲೆಲ್ಲ ಈಗ ಅವಳಿಗೆ ತನ್ನ ಬಾಯಿಗೇ ಎರಡು ಬಾರಿಸಬೇಕೆನಿಸುತ್ತಿತ್ತು.

ಧನ್ಯಾ ಹೇಳದೆ ಬಿಟ್ಟದ್ದನ್ನು ಲಕ್ಕಮ್ಮ ಕಾಂಪೌಂಡಿನಾಚೆಯಿಂದ ಹೇಳಿದಳು. ಮೊದಲು ಹೊಳೆನರಸೀಪುರದ ಕಡೆಯವಳೊಬ್ಬಳು ಬಂದಿದ್ದಳಂತೆ. ಅವಳ ಸಾರನ್ನು ಜಯಲಕ್ಷ್ಮಮ್ಮ ಪಾತ್ರೆ ತೊಳೆದ ನೀರು ಎಂದರು, ಅವಳು ಅತ್ತುಕೊಂಡು ಹೋದಳು. ಇನ್ನೊಬ್ಬಳಿಗೆ ಈರುಳ್ಳಿ ಹೆಚ್ಚಲು ಬರುವುದಿಲ್ಲವೆಂದೂ, ಸೌಟು ಹಿಡಿಯಲು ಬರುವುದಿಲ್ಲವೆಂದೂ, ಕಡೆಗೆ ನಿಲ್ಲಲೂ ಬರುವುದಿಲ್ಲವೆಂದೂ ಹೇಳಿದರು. ಅವಳು ಜಗಳವಾಡಿಕೊಂಡು ಹೋದಳು.

"ಎಂಗಾರ ಮಾಡಿ ಅವರ ಮನಸಿಗೆ ಇಡಿಸಂಗೆ ನಡ್ಕ," ಎಂದಳು ಲಕ್ಕಮ್ಮ. "ಅವರ ತೌರೂ ಕೊಣನೂರೇ ಕಣೆ. ತಂಬಾಕು ಒಣಗ್ಸೋ ಬ್ಯಾರನ್ ಇತ್ತಲ್ಲ, ಆ ಮನೆ ಮಗಳು."

ಇದು ಗೊತ್ತಾದದ್ದೇ ಪುಷ್ಪಾವತಿ ಮನಸ್ಸಿನಲ್ಲೇ ಕುಣಿದಳು. ನಮ್ಮ ಕಡೆ ಇಬ್ಬರು ಹೆಂಗಸರು ಎದುರಾದರೆ ಮೊದಲು ಯಾವೂರು, ಆಮೇಲೆ ಯಾರ ಮನೆ, ಆಮೇಲೆ ನಿಮ್ಮ ಚಿಕ್ಕಮ್ಮನನ್ನು ಎಲ್ಲಿಗೆ ಕೊಟ್ಟಿದ್ದಾರೆ ಎಂದು ಕೇಳಿ, ಸಂಬಂಧವೊಂದನ್ನು ಹೊಸೆದೇ ತೀರುತ್ತಾರೆ. ಸಂಬಂಧ ಸಿಕ್ಕಿತೆಂದರೆ ಅರ್ಧ ಕೆಲಸ ಆದಂತೆ ಎಂದು ಅವಳು ನಂಬಿದ್ದಳು. ಅವತ್ತು ಸಂಜೆ ಜಯಲಕ್ಷ್ಮಮ್ಮ ವಾಕರ್ ಊರಿಕೊಂಡು ಬಂದು, ಹುಬ್ಬು ಗಂಟಿಕ್ಕಿ, "ಯಾವೂರವ್ವ ನಿಂದು?" ಎಂದಾಗ ಅವಳು ತಡಮಾಡಲಿಲ್ಲ.

"ಕೊಣನೂರು ಕಣಮ್ಮ. ಮಾದಯ್ಯನ ಮಗಳು. ನಿಮ್ಮಪ್ಪಾರ ಬ್ಯಾರನ್ನಲ್ಲಿ ಒಗೆಸೊಪ್ಪು ಬೇಯಿಸ್ತಿದ್ನಲ್ಲ, ಅದೇ ಮಾದಯ್ಯ."

ಜಯಲಕ್ಷ್ಮಮ್ಮನ ಹುಬ್ಬಿನ ಗಂಟು ಬಿಚ್ಚಿಕೊಂಡಿತು, ಕಣ್ಣಲ್ಲಿ ನೀರು ಬಂತು.

"ಮಾದಯ್ಯನ ಮಗಳಾ! ಅಯ್ಯೋ ನನ್ನವ್ವ! ನಿಮ್ಮಪ್ಪ ನನ್ನ ಎಗಲ ಮ್ಯಾಲೆ ಕೂರ್ಸ್ಕಂಡು ಒಳೆ ತೋರ್ಸಾಕೆ ಕರ್ಕಂಡೋಯ್ತಿದ್ದ ಕಣೆ. ಅಂಗಾರೆ ನೀನು ನಂಗೆ ತಂಗಿ ಆಗ್ಬೇಕು. ಅಲ್ಯಾಕ್ ನಿಂತಿದ್ದೀಯೆ? ಬಾ, ಕೂತ್ಕ!"

ಹಾಗೆ ಕೂತವಳಿಗೆ ಇನ್ನೂ ಏಳಲು ಸಾಧ್ಯವಾಗಿರಲಿಲ್ಲ. ತವರಿನ ಕಡೆಯ ಹೆಣ್ಣುಮಗಳು ಮನೆಗೆ ಬಂದರೆ ಅವಳ ಕೈಲಿ ಕಡ್ಡಿ ಎತ್ತಿಸಬಾರದು, ಕೂರಿಸಿ ಬಡಿಸಬೇಕು, ಹೂ ಮುಡಿಸಬೇಕು, ಹೊರಡುವಾಗ ಮಡಿಲು ತುಂಬಿ ಕಳಿಸಬೇಕು. ಇದು ಜಯಲಕ್ಷ್ಮಮ್ಮ ಕಂಡುಹಿಡಿದದ್ದಲ್ಲ, ಆ ಕಡೆಯ ಎಲ್ಲ ಮನೆಗಳ ಪದ್ಧತಿ. ಪುಷ್ಪಾವತಿಯೂ ಅದನ್ನು ನೋಡಿಕೊಂಡೇ ಬೆಳೆದವಳು. ಅದು ತನ್ನ ಕೊರಳಿಗೇ ಸುತ್ತಿಕೊಳ್ಳುತ್ತದೆಂದು ಮಾತ್ರ ತೋಚಿರಲಿಲ್ಲ.

ಅವಳೇನು ಸುಮ್ಮನೆ ಕೂತಿರಲಿಲ್ಲ. ಹಾಲಿನವನು ಬರುವ ಮುಂಚೆಯೇ ಎದ್ದು ಅಡುಗೆಮನೆಗೆ ಬಂದರೆ ಅಲ್ಲಿ ಆಗಲೇ ದೀಪ ಉರಿಯುತ್ತಿತ್ತು, ಕಾಫಿ ಡಿಕಾಕ್ಷನ್ ಇಳಿಯುತ್ತಿತ್ತು. ಮುದ್ದೆ ತೊಳಸುವ ಕೋಲನ್ನು ಅಕ್ಕಿ ಮೂಟೆಯ ಹಿಂದೆ ಬಚ್ಚಿಟ್ಟಳು. ಜಯಲಕ್ಷ್ಮಮ್ಮ ಲಟ್ಟಣಿಗೆಯಲ್ಲಿ ತೊಳಸಿದರು, ಮುದ್ದೆಗೆ ಒಂದು ಗಂಟೂ ಬರಲಿಲ್ಲ. ಕದ್ದು ಮುಚ್ಚಿ ಒಂದು ದಿನ ಹುರುಳಿಕಾಳು ಬಸ್ಸಾರು ಮಾಡಿಯೇಬಿಟ್ಟಳು. ಅದನ್ನು ಜಯಲಕ್ಷ್ಮಮ್ಮ ಬಾಯಿಗಿಟ್ಟು, "ಅಮೃತ ಕಣೆ, ನಮ್ಮವ್ವ ಮಾಡ್ದಂಗೇ ಐತೆ," ಎಂದರು. ಅದರಲ್ಲಿ ಉಪ್ಪೇ ಬಿದ್ದಿರಲಿಲ್ಲ. ಹೊಗಳಿದವರೇ ಮರುದಿನ ಸಾರಿನ ಪಾತ್ರೆಯನ್ನು ಅವಳ ಕೈಗೆಟುಕದ ಅಟ್ಟಕ್ಕೆ ಏರಿಸಿದ್ದರು. ವಾಕರ್ ಹಿಡಿದ ಹೆಂಗಸು ಅಟ್ಟಕ್ಕೆ ಹೇಗೆ ಏರಿಸಿದರೋ ಆ ದೇವರಿಗೇ ಗೊತ್ತು!

ಸಹಾಯಕ್ಕೆ ಯಜಮಾನರನ್ನಾದರೂ ಕೇಳೋಣವೆಂದು ಹೋದಳು. ಚನ್ನಪ್ಪನವರು ಒಂದು ಕಾಲದಲ್ಲಿ ಆಲೂಗಡ್ಡೆ ವ್ಯಾಪಾರದಲ್ಲಿ ಹಾಸನದ ಮಾರ್ಕೆಟ್ಟನ್ನೇ ನಡುಗಿಸಿದವರು. ಈಗ ವರಾಂಡದಲ್ಲಿ ಕೂತು ಪೇಪರು ಓದುತ್ತಿದ್ದರು.

"ನೀವಾದ್ರೂ ಒಂದ್ ಮಾತು ಏಳಿ ಸಾ. ಅಮ್ಮಾರು ನಂಗೆ ಏನೂ ಮಾಡಾಕ್ ಬುಡ್ತಿಲ್ಲ."

ಅವರು ಪೇಪರನ್ನು ಇನ್ನಷ್ಟು ಮೇಲಕ್ಕೆತ್ತಿದರು. "ತೌರಿನ ವಿಸ್ಯ ಕಣವ್ವ ಅದು. ನಾನ್ ಬಾಯಾಕಿದ್ರೆ ಮಧ್ಯಾನ ನಂಗೆ ಮುದ್ದೆ ಇಲ್ಲ."

ಮಗ, ಅಂದರೆ ಧನ್ಯಾಳ ಗಂಡ, ದೇವರಾಜನಿಗೆ ಬೂವನಹಳ್ಳಿ ಕಡೆ ಒಂದಿಷ್ಟು ಜಮೀನು ಇತ್ತು. ಅಲ್ಲಿಗೆ ವಿಮಾನ ನಿಲ್ದಾಣ ಬಂದರೆ ಅದರ ಬೆಲೆ ಎಲ್ಲಿಗೆ ಏರುತ್ತದೆ ಎನ್ನುವುದು ಬಿಟ್ಟು ಅವನ ತಲೆಗೆ ಬೇರೇನೂ ಇಳಿಯುತ್ತಿರಲಿಲ್ಲ. ಇನ್ನು ಬಂದುಹೋಗುವವರಿಗೆಲ್ಲ ಜಯಲಕ್ಷ್ಮಮ್ಮ, "ಇವ್ಳು ನಮ್ ಕೊಣನೂರಿನೋಳು, ನಾಕ್ ದಿನ ಇರಾಕ್ ಬಂದವ್ಳೆ," ಎಂದು ಪರಿಚಯ ಮಾಡಿಸುತ್ತಿದ್ದರು. ಪಕ್ಕದ ಮನೆಯಾಕೆ ನಗುನಗುತ್ತ, "ಊರಿಗೆ ಯಾವಾಗ ಹೊರಡೋದು?" ಎಂದು ಕೇಳಿದಳು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದಳು. ಪುಷ್ಪಾವತಿಗೆ ಮಾತ್ರ ಕೋಮಲಾಳೇ ಗೇಟಿನಲ್ಲಿ ನಿಂತು ಕೇಳಿದಂತಾಯಿತು.

ಇದು ನಿಜವಾದ ಪ್ರೀತಿಯೋ, ಹಿಂದಿನಿಬ್ಬರನ್ನು ಬೈದು ಓಡಿಸಿದ ಹಾಗೆ ತನ್ನನ್ನು ಉಪಚಾರ ಮಾಡಿ ಓಡಿಸುವ ಉಪಾಯವೋ, ಅವಳಿಗೆ ಬಗೆಹರಿಯುತ್ತಿರಲಿಲ್ಲ. ಬೈದಿದ್ದರೆ ಎದುರು ನಿಲ್ಲಬಹುದಿತ್ತು. ತಲೆಗೆ ಹೂ ಮುಡಿಸುವವರ ಜೊತೆ ಜಗಳ ಹೇಗೆ ತೆಗೆಯುವುದು?

ಆಗಬಾರದ್ದು ಗುರುವಾರ ಆಯಿತು. ಧನ್ಯಾ ಕಾಲೇಜಿನಿಂದ ಮಧ್ಯಾಹ್ನವೇ ಬಂದುಬಿಟ್ಟಳು. ಅವಳ ಕಣ್ಣಿಗೆ ಬಿದ್ದದ್ದು ಇಷ್ಟು: ಆಪರೇಷನ್ ಆದ ಅತ್ತೆ ಒಲೆಯ ಮುಂದೆ ಬೆವರುತ್ತ ನಿಂತಿದ್ದಾರೆ, ಅಡುಗೆಯವಳು ಕುರ್ಚಿಯ ಮೇಲೆ ಕೂತು ತುಪ್ಪ ಹಾಕಿಸಿಕೊಂಡು ಉಣ್ಣುತ್ತಿದ್ದಾಳೆ, ತಲೆಯಲ್ಲಿ ಹೂ ಬೇರೆ. ಪುಷ್ಪಾವತಿ ಬಾಯಲ್ಲಿದ್ದ ತುತ್ತನ್ನು ನುಂಗುವುದೋ ಉಗುಳುವುದೋ ತಿಳಿಯದೆ ಎದ್ದು ನಿಂತಳು.

ಧನ್ಯಾ ಅವಳನ್ನು ಹಿಂದಿನ ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಮುಚ್ಚಿದಳು.

"ನಿಮ್ಮದು ತಪ್ಪು ಅಂತ ನಾನು ಹೇಳ್ತಿಲ್ಲ. ಅವರು ಎಂಥವರು ಅಂತ ನಂಗೂ ಗೊತ್ತು. ಆದ್ರೆ ನೀವು ಬಂದ ಮೇಲೆ ಅವರಿಗೆ ಕೆಲಸ ಕಮ್ಮಿ ಆಗೋದಿರಲಿ, ಒಂದು ಊಟ ಜಾಸ್ತಿ ಬೇಯಿಸೋ ಹಾಗಾಗಿದೆ. ಭಾನುವಾರದವರೆಗೆ ನೋಡ್ತೀನಿ. ಆಮೇಲೆ ಬೇರೆ ಯಾರನ್ನಾದ್ರೂ ಹುಡುಕಬೇಕಾಗುತ್ತೆ. ಅವರ ಕಾಲು ನಂಗೆ ಮುಖ್ಯ."

ಅದರಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಪುಷ್ಪಾವತಿಗೆ ಇನ್ನೂ ಸಿಟ್ಟು ಬಂತು. ಸಿಟ್ಟನ್ನು ಧನ್ಯಾಳ ಮೇಲೆ ಹಾಕುವಂತಿಲ್ಲ, ಪೇಪರಿನ ಹಿಂದೆ ಕೂತ ಚನ್ನಪ್ಪನವರ ಮೇಲೆ ಹಾಕುವಂತಿಲ್ಲ. ಶನಿವಾರದವರೆಗೆ ಹೊಟ್ಟೆಯಲ್ಲೇ ಇಟ್ಟುಕೊಂಡು, ಅವತ್ತು ಜಯಲಕ್ಷ್ಮಮ್ಮ ತಟ್ಟೆಗೆ ಹೋಳಿಗೆ ಹಾಕಿದಾಗ ತಟ್ಟೆಯನ್ನು ಹಿಂದಕ್ಕೆ ತಳ್ಳಿದಳು.

"ಸಾಕ್ ಮಾಡಿ ಅಮ್ಮಾ! ನಾನ್ ನೆಂಟಳಲ್ಲ ಕಣಮ್ಮ, ಕೆಲ್ಸದೋಳು! ಬೈರಿ ನಂಗೆ. ಇದ್ ಸರಿಯಿಲ್ಲ, ಅದ್ ಸರಿಯಿಲ್ಲ ಅನ್ರಿ. ಇಂಗೆ ತಿನ್ಸಿ ತಿನ್ಸಿ ನನ್ ಹೊಟ್ಟೆ ಮ್ಯಾಲೆ ಒಡೀಬ್ಯಾಡ್ರಿ!"

ಜಯಲಕ್ಷ್ಮಮ್ಮ ಹೋಳಿಗೆ ಹಿಡಿದ ಕೈಯಲ್ಲೇ ನಿಂತರು. ಮಾತಾಡಿದಾಗ ದನಿಯಲ್ಲಿ ಯಜಮಾನಿಕೆಯಿರಲಿಲ್ಲ.

"ನನ್ ತೌರಿನೋಳ್ನ ಮುಸ್ರೆ ತಿಕ್ಕಾಕೆ ಆಕ್ಕಂಡು ನಾನು ಎಲ್ಲಿಗೆ ಓಗ್ಲೆ? ಅದೂ ಅಲ್ದೆ..." ಅವರು ಒಲೆಯ ಕಡೆ ನೋಡಿದರು. "ಈ ಮನೆಗೆ ಬಂದಾಗಿಂದ ನಾನ್ ನಿಂತಿರೋದು ಇಲ್ಲೇ ಕಣೆ. ಇದ್ನೂ ನಿಂಗ್ ಕೊಟ್ಬುಟ್ರೆ ನಂಗೇನ್ ಉಳೀತು ಏಳು?"

ಪುಷ್ಪಾವತಿಗೆ ಹಿತ್ತಿಲಿನ ಸಿಮೆಂಟು ನೆನಪಾಯಿತು. ಕೋಪ ಅರ್ಧ ಇಳಿಯಿತು, ಮಿಕ್ಕರ್ಧ ಹಾಗೇ ಉಳಿಯಿತು. ಇವರಿಗೆ ಒಲೆ ಬಿಟ್ಟುಕೊಡಲು ಸಂಕಟ, ತನಗೆ ಒಲೆಯೇ ಇಲ್ಲ. ಇದನ್ನು ಯಾರ ಮುಂದೆ ಹೇಳಿ ನ್ಯಾಯ ಮಾಡಿಸುವುದು?

ಭಾನುವಾರ ತಿಂಡಿಯಾದ ಮೇಲೆ ಧನ್ಯಾ ಎಲ್ಲರ ಮುಂದೆ ವಿಷಯ ಹೇಳಿದಳು. ಪುಷ್ಪಾವತಿ ಊರಿಗೆ ಹೋಗುತ್ತಾರೆ, ಬೇರೆ ವ್ಯವಸ್ಥೆ ನೋಡೋಣ ಎಂದಳು. ದೇವರಾಜ, "ನಾನು ಹೆಂಗೂ ಬೂವನಹಳ್ಳಿ ಕಡೆ ಹೊರಟಿದ್ದೀನಿ, ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋಗ್ತೀನಿ," ಎಂದು ಕಾರಿನ ಕೀ ತೆಗೆದುಕೊಂಡ. ಪುಷ್ಪಾವತಿ ಬಟ್ಟೆಯ ಚೀಲ ತಂದು ಬಾಗಿಲ ಹತ್ತಿರ ಇಟ್ಟಳು.

ಜಯಲಕ್ಷ್ಮಮ್ಮ ಗೆದ್ದಿದ್ದರು. ಗೆದ್ದವರು ಸುಮ್ಮನಿರಬಹುದಿತ್ತಲ್ಲ? ಇಲ್ಲ, ಕಣ್ಣೊರೆಸಿಕೊಳ್ಳುತ್ತ, "ತೌರಿನೋಳ್ನ ಬರೀ ಮಡ್ಲಲ್ಲಿ ಕಳ್ಸಾಕಾಯ್ತದಾ," ಎಂದು ದೇವರ ಮುಂದೆ ಮಣೆ ಹಾಕಿದರು. ಅರಿಶಿನ ಕುಂಕುಮ ಕೊಟ್ಟು, ಸೆರಗು ಒಡ್ಡಿಸಿ, ಮೊರದಿಂದ ಅಕ್ಕಿಯನ್ನು ಎರಡೂ ಕೈಯಲ್ಲಿ ಮೊಗೆಮೊಗೆದು ಹಾಕಿದರು. ಅದರ ಮೇಲೆ ಬೆಲ್ಲದ ಅಚ್ಚು, ತೆಂಗಿನಕಾಯಿ, ರವಿಕೆ ಬಟ್ಟೆ, ವೀಳ್ಯದೆಲೆ. ಮಂಡಿ ಬಾಗಿಸಲಾಗದೆ ವಾಕರ್ ಮೇಲೆ ಒರಗಿಕೊಂಡೇ ಎಲ್ಲ ಮಾಡಿದರು. ಒಂದು ಕಾಳೂ ಕೆಳಗೆ ಬೀಳದಂತೆ ಸೆರಗನ್ನು ತಾವೇ ಬಿಗಿದು ಗಂಟು ಹಾಕಿದರು. ಉಪಾಯ ಮಾಡುವವರು ಅಷ್ಟು ಜತನದಿಂದ ಗಂಟು ಹಾಕುವುದಿಲ್ಲ ಎಂದು ಪುಷ್ಪಾವತಿಗೆ ಅನ್ನಿಸಿತು. ಹಾಗನ್ನಿಸಿದ್ದಕ್ಕೆ ಇನ್ನಷ್ಟು ರೇಗಿತು.

"ಮನೆಗೋದೇಟ್ಗೆ ಪಾಯಸ ಮಾಡ್ಕಂಡು ಉಣ್ಣು. ಮಡ್ಲಕ್ಕಿ ಹಳ್ಸಬಾರ್ದು," ಎಂದರು ಜಯಲಕ್ಷ್ಮಮ್ಮ.

ಮಡಿಲಕ್ಕಿಯನ್ನು ಅವರವರ ಮನೆಯ ಒಲೆಯ ಮೇಲೇ ಬೇಯಿಸಬೇಕು. ಕೊಟ್ಟವರು ಅದನ್ನು ಮತ್ತೆ ಮುಟ್ಟುವಂತಿಲ್ಲ. ಪುಷ್ಪಾವತಿ ಸೆರಗಿನ ಗಂಟನ್ನು ಎದೆಗೊತ್ತಿಕೊಂಡು ಬಾಗಿಲ ತನಕ ಹೋದಳು. ಹೊರಗೆ ದೇವರಾಜ ಹಾರನ್ ಹೊಡೆದ. ಈ ಅಕ್ಕಿಯನ್ನು ತೆಗೆದುಕೊಂಡು ಹೋಗಿ ಎಲ್ಲಿ ಬೇಯಿಸುವುದು? ಕೋಮಲಾಳ ಗ್ರಾನೈಟಿನ ಮೇಲೋ, ಬೈಕು ನಿಲ್ಲಿಸುವ ಸಿಮೆಂಟಿನ ಮೇಲೋ, ಚನ್ನರಾಯಪಟ್ಟಣದಲ್ಲಿ ಆ ಇನ್ನೊಬ್ಬಳ ಮನೆಯಲ್ಲೋ? ದೇವರಾಜ ಇನ್ನೊಂದು ಸಲ ಹಾರನ್ ಹೊಡೆದ.

"ಬಡ್ಕಬ್ಯಾಡಿ ಸಾ, ನಾನ್ ಬರಾಕಿಲ್ಲ!" ಎಂದು ಅವಳು ಹೊರಕ್ಕೆ ಕೂಗಿ, ಬಂದ ದಾರಿಯಲ್ಲೇ ತಿರುಗಿ ಸೀದಾ ಅಡುಗೆಮನೆಗೆ ನಡೆದಳು. ಎದುರಿಗೆ ಸಿಕ್ಕ ಪಾತ್ರೆಗೆ ಮಡಿಲಿನ ಅಕ್ಕಿಯನ್ನು ಸುರಿದಳು, ತೊಳೆದಳು, ನೀರಿಟ್ಟಳು, ಒಲೆ ಹಚ್ಚಿದಳು. ವಾಕರ್‌ನ ಟಕ್ ಟಕ್ ಸದ್ದು ಅವಸರ ಅವಸರವಾಗಿ ಹಿಂದೆಯೇ ಬಂತು. ಅದರ ಹಿಂದೆ ಧನ್ಯಾ ಬಂದು ಬಾಗಿಲಲ್ಲಿ ನಿಂತಳು.

"ಏನೇ ಇದು? ಅವರವರ ಮನೇಲಿ ಬೇಯಿಸ್ಬೇಕು ಕಣೆ ಅದ್ನ!" ಎಂದರು ಜಯಲಕ್ಷ್ಮಮ್ಮ.

"ನಂಗಿನ್ಯಾವ್ ಮನೆ ಐತೆ ಏಳಿ," ಎಂದಳು ಪುಷ್ಪಾವತಿ. ಅವಳು ತಿರುಗಿ ನೋಡಲಿಲ್ಲ, ಬೆಲ್ಲ ಕುಟ್ಟುತ್ತಿದ್ದಳು. "ತಮ್ಮನ ಮನೇಲಿ ಇದ್ದಿದ್ದೊಂದ್ ಒಲೇನೂ ಕಿತ್ತಾಕವ್ರೆ. ಗಂಡನ್ ಮನೆ ಅಂದ್ರೆ ಯಾವ್ದು ಅಂತ ನಂಗೇ ಗೊತ್ತಿಲ್ಲ. ಇಲ್ಲಿ ಬ್ಯಾಡ ಅಂದ್ರೆ ಬೀದೀಲಿ ಮೂರ್ ಕಲ್ ಇಟ್ಟು ಬೇಯಿಸ್ತೀನಿ."

ಜಯಲಕ್ಷ್ಮಮ್ಮನ ಕೈ ಅಭ್ಯಾಸದಂತೆ ಸೌಟಿನ ಕಡೆ ಹೋಯಿತು. ಅರ್ಧದಲ್ಲೇ ನಿಂತಿತು. ತಾವೇ ತುಂಬಿದ ಮಡಿಲಕ್ಕಿ, ಮುಟ್ಟುವಂತಿಲ್ಲ. ಈ ಅಡುಗೆಮನೆಯಲ್ಲಿ ಅವರು ಕೈಹಾಕಲಾಗದ ಪಾತ್ರೆಯೊಂದು ಒಲೆಯ ಮೇಲೆ ಕೂತದ್ದು ಅದೇ ಮೊದಲು. ಏನು ಮಾಡಬೇಕೆಂದು ತೋಚದೆ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಾಯಿಸಿದರು, ನೋವಿಗೆ ಮುಖ ಕಿವುಚಿದರು.

"ಕೂತ್ಕಳಿ," ಎಂದಳು ಪುಷ್ಪಾವತಿ, ನೀಲಿ ಕುರ್ಚಿಯನ್ನು ಅವರ ಕಡೆ ದೂಡಿ. "ಕೊಣನೂರ್ ಮಗಳಿಗೆ ಕೆಲ್ಸ ಏಳಂಗಿಲ್ಲ ಅಂತ ನೀವೇ ಅಲ್ವಾ ಅಂದಿದ್ದು? ನೀವ್ಯಾವೂರ್ ಮಗಳು? ನೀವೂ ನಂಗೆ ತೌರಿನೋರೇ ತಾನೇ? ಕೂತ್ಕಳಿ. ಎದ್ರೆ ನನ್ನಾಣೆ."

ಧನ್ಯಾ ಒಂದು ಹೆಜ್ಜೆ ಮುಂದೆ ಬಂದವಳು ಅಲ್ಲೇ ನಿಂತಳು. ಅತ್ತೆ ಕುರ್ಚಿಯನ್ನೂ ಒಲೆಯನ್ನೂ ನೋಡಿ, ವಾಕರ್ ಪಕ್ಕಕ್ಕಿಟ್ಟು, ಮೆಲ್ಲಗೆ ಕೂತರು. ಕೂತ ಮೇಲೆ ಸಣ್ಣದಾಗಿ ಅತ್ತರು.

"ನಮ್ಮವ್ವ ತೀರ್ಕಂಡ್ಮೇಲೆ ನನ್ನ ಯಾರೂ ಕೂರ್ಸಿ ಬಡ್ಸಿಲ್ಲ ಕಣೆ," ಎಂದರು.

ಪುಷ್ಪಾವತಿಯ ಕಣ್ಣೂ ತುಂಬಿತು. ಆದರೆ ಅಳುತ್ತ ನಿಂತರೆ ಪಾಯಸ ತಳ ಹಿಡಿಯುತ್ತದೆ. ಬೆಲ್ಲ ಹಾಕಿದಳು, ಕಾಯಿ ತುರಿದು ಹಾಕಿದಳು, ಕೈಗೆ ಸಿಕ್ಕ ಏಲಕ್ಕಿಯನ್ನೂ ಹಾಕಿ ಇಳಿಸಿ, ಮೊದಲ ಬಟ್ಟಲನ್ನು ಜಯಲಕ್ಷ್ಮಮ್ಮನ ಕೈಗೆ ಕೊಟ್ಟಳು. ಅವರು ಕಣ್ಣೊರೆಸಿಕೊಂಡು ಒಂದು ಚಮಚ ಬಾಯಿಗಿಟ್ಟರು. ಪುಷ್ಪಾವತಿ ಅವರ ಮುಖವನ್ನೇ ನೋಡುತ್ತಿದ್ದಳು. ಅಮೃತ ಎಂದುಬಿಟ್ಟರೆ ತಾನು ಮತ್ತೆ ನೆಂಟಳೇ, ಚೀಲ ಬಾಗಿಲಲ್ಲೇ ಇತ್ತು.

ಜಯಲಕ್ಷ್ಮಮ್ಮ ಹುಬ್ಬು ಗಂಟಿಕ್ಕಿದರು.

"ಏಲಕ್ಕಿ ಕುಟ್ಟಾಕೆ ಏನಾಗಿತ್ತೆ ನಿಂಗೆ? ಸಿಪ್ಪೆ ಸಮೇತ ಅಂಗೇ ಎಸ್ದಿದ್ದೀಯಲ್ಲ! ಅಕ್ಕಿ ಬೇರೆ ಬೆಂದಿಲ್ಲ, ಹಲ್ಲಿಗೆ ಸಿಕ್ತಾ ಐತೆ. ಯಾರೇ ನಿಂಗೆ ಅಡ್ಗೆ ಕಲ್ಸಿದ್ದು?"

ಪುಷ್ಪಾವತಿ ಹೋಗಿ ಬಾಗಿಲಲ್ಲಿದ್ದ ಚೀಲವನ್ನು ತಂದು ಹಿಂದಿನ ರೂಮಿನಲ್ಲಿಟ್ಟಳು.